ಸಾಮಾನು ಅವರದು, ಹೆಸರು ಯಾರದು?

ಇಂದಿರಾನಗರದಲ್ಲಿ ಮೂವತ್ತು-ನಲವತ್ತರ ಒಂದು ಸೈಟು ಕೊಳ್ಳುವ ತಾಕತ್ತು ನಿಮಗಿದೆಯಾ? ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಮಗೂ ಇಲ್ಲ. ಕೆ.ಆರ್.ಪುರದ ಆಚೆ ಎಲ್ಲೋ ಒಂದು ಬಾಡಿಗೆ ಮನೆ, ಹತ್ತು ತಿಂಗಳ ಅಡ್ವಾನ್ಸು, ಗೋಡೆಗೆ ಮೊಳೆ ಹೊಡೆದರೆ ಗುರ್ ಅನ್ನುವ ಓನರು. ಈ ಊರು ತನ್ನ ಮಕ್ಕಳಿಗೆ ಉಳಿಸಿರುವುದು ಇಷ್ಟೇ.

ಆದರೆ ಒಂದು ಕಡೆ ಮಾತ್ರ ನೀವು ಎಕರೆಗಟ್ಟಲೆ ನೆಲದ ಒಡೆಯರು. ಮೈನ್‌ಕ್ರಾಫ್ಟ್! ನೆಲ ಅಗೆಯುವುದು, ಕಲ್ಲು-ಮರ ಪೇರಿಸುವುದು, ಮನೆ ಕಟ್ಟುವುದು, ಒಳಗೆ ಸಾಮಾನು ಜೋಡಿಸಿ ಗೆಳೆಯರನ್ನು ಕರೆಯುವುದು. ಹಲಸೂರಿನ ಹುಡುಗ, ಶಿವಾಜಿನಗರದ ಹುಡುಗ, ಕೆ.ಆರ್.ಪುರದ ಹುಡುಗಿ ಒಂದೇ ಸರ್ವರಿನಲ್ಲಿ ಸೇರಿ ಒಂದೇ ಮನೆ ಕಟ್ಟಬಹುದು. ಖಾತೆ ಇಲ್ಲ, ಕಂದಾಯ ಇಲ್ಲ, ಬ್ರೋಕರ್ ಕಾಟ ಇಲ್ಲ. 2023ರ ಅಕ್ಟೋಬರ್ ಹೊತ್ತಿಗೇ ಈ ಆಟದ 30 ಕೋಟಿ ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿದ್ದವು. ಸಂಜೆ ಮೆಟ್ರೋದಲ್ಲಿ ತಲೆ ತಗ್ಗಿಸಿ ಕೂತ ಹುಡುಗರ ಫೋನಿನೊಳಗೆ ಇಣುಕಿ ನೋಡಿ, ಎಷ್ಟೋ ಮನೆಗಳು ಅಲ್ಲೇ ಏಳುತ್ತಿರುತ್ತವೆ.

ಮನೆ ನಿಮ್ಮದು. ಒಪ್ಪೋಣ. ಈಗ ಒಂದು ಪ್ರಶ್ನೆ ಕೇಳುತ್ತೇವೆ, ಸಿಟ್ಟಾಗದೆ ಉತ್ತರ ಹೇಳಿ. ಆ ಮನೆಯೊಳಗಿನ ಸಾಮಾನಿನ ಹೆಸರು ಯಾವ ಭಾಷೆಯಲ್ಲಿದೆ?

'ಬೆಡ್'. 'ಚೆಸ್ಟ್'. 'ಲ್ಯಾಂಟರ್ನ್'. 'ಶೆಲ್ಫ್'.

ಕಟ್ಟಿದವರು ನೀವು. ಹೆಸರಿಟ್ಟವರು ಇನ್ಯಾರೋ!

ಸಾಮಾನು ಬಂದ ಸರದಿ

ಈ ಆಟದ ಮನೆಗೆ ಸಾಮಾನು ಒಂದೇ ಸಲ ಲಾರಿಯಲ್ಲಿ ಬಂದು ಇಳಿಯಲಿಲ್ಲ. ಬಡವರ ಮನೆಗೆ ಬರುವ ಹಾಗೆ ಒಂದೊಂದಾಗಿ ಬಂತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತ ಆಟವನ್ನು ಜನರ ಮುಂದಿಟ್ಟದ್ದು 2009ರ ಮೇ ತಿಂಗಳಲ್ಲಿ. ಆಗ ಮನೆ ಅಂದರೆ ನಾಲ್ಕು ಗೋಡೆ ಅಷ್ಟೇ. 2010ರಲ್ಲಿ ಬಾಗಿಲು, ಪೆಟ್ಟಿಗೆ, ಗೋಡೆಗೆ ತೂಗುಹಾಕುವ ಚಿತ್ರ ಬಂದವು. 2011ರ ಫೆಬ್ರವರಿಯಲ್ಲಿ ಮಂಚ ಬಂತು. ಅಲ್ಲಿಯವರೆಗೆ ಪಾಪ, ಮಲಗಲಿಕ್ಕೂ ಗತಿ ಇರಲಿಲ್ಲ. 2012ರಲ್ಲಿ ಹೂಕುಂಡ ಮತ್ತು ಚೌಕಟ್ಟು. 2014ರಲ್ಲಿ ಬಾವುಟ. ಅದೇ ವರ್ಷ ಮೈಕ್ರೋಸಾಫ್ಟ್ ಕಂಪನಿ 250 ಕೋಟಿ ಡಾಲರ್ ಸುರಿದು ಇಡೀ ಆಟವನ್ನೇ ಕೊಂಡುಕೊಂಡಿತು.

ಮಂಚದ ಹೊದಿಕೆ ವರ್ಷಗಟ್ಟಲೆ ಕೆಂಪು ಬಣ್ಣದ್ದು ಒಂದೇ ಇತ್ತು. 2017ರಲ್ಲಿ ಹದಿನಾರು ಬಣ್ಣ ಆಯಿತು. 2019ರಲ್ಲಿ ಪೀಪಾಯಿ, ಲಾಟೀನು, ಗಂಟೆ. 2021ರಲ್ಲಿ ಮೇಣದಬತ್ತಿ. 2023ರಲ್ಲಿ ಪುಸ್ತಕ ಒಂದೊಂದಾಗಿ ತುರುಕಬಹುದಾದ ಕಪಾಟು, ನೇತಾಡುವ ಬೋರ್ಡು, ಚಿತ್ತಾರದ ಮಡಕೆ. 2025ರಲ್ಲಿ ತಾಮ್ರದ ಪೆಟ್ಟಿಗೆ ಮತ್ತು 'ಶೆಲ್ಫ್'.

ಇಷ್ಟೆಲ್ಲಾ ಬಂದರೂ 2025 ಮುಗಿಯುವವರೆಗೆ ಬಾರದೇ ಉಳಿದ ಸಾಮಾನು ಯಾವುದು ಗೊತ್ತೇ? ಕುರ್ಚಿ! ಹೌದು ಸ್ವಾಮಿ, ಕುರ್ಚಿ. ಆಡುವವರು ಮೆಟ್ಟಿಲಿನ ಒಂದು ತುಂಡನ್ನು ತಂದಿಟ್ಟು, ಎರಡು ಕಡೆ ಹಲಗೆ ಬಡಿದು, ಇದೇ ಕುರ್ಚಿ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಕೂರಲಿಕ್ಕೂ ಆಗಲ್ಲ. ನಮ್ಮ ವಿಧಾನಸೌಧದವರು ಈ ಆಟ ಆಡಿದರೆ ಒಂದೇ ದಿನಕ್ಕೆ ಹುಚ್ಚು ಹಿಡಿಯುತ್ತದೆ.

ಯಾವ ಸಾಮಾನು ಯಾವ ವರ್ಷ ಬರಬೇಕು ಎಂದು ತೀರ್ಮಾನಿಸುವವರು ಸ್ಟಾಕ್‌ಹೋಮಿನ ಆಫೀಸಿನಲ್ಲಿ ಕೂತವರು. ಆಟ ಅವರದು, ಸರದಿಯೂ ಅವರದು. ನಮ್ಮ ತಕರಾರು ಅದಲ್ಲ.

ಹೆಸರಿಗೂ ಒಂದು ಸರದಿ ಇದೆ

ಈಗ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಕೇಳಿ. ಕಂಪ್ಯೂಟರಿನಲ್ಲಿ ಆಡುವ ಮೂಲ ಮೈನ್‌ಕ್ರಾಫ್ಟ್, ಅಂದರೆ 'ಜಾವಾ' ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆರೆದು ನೋಡಿ. ನೂರಕ್ಕೂ ಹೆಚ್ಚು ಭಾಷೆಗಳಿವೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ!

ಕಂಪನಿ ದಯೆ ತೋರಿ ಕೊಟ್ಟದ್ದಲ್ಲ. ಸರ್ಕಾರ ಕೊಡಿಸಿದ್ದಲ್ಲ. ಯಾರೋ ಕನ್ನಡದ ಹುಡುಗರು, ಹೆಸರು ಬೇಡದವರು, ರಾತ್ರಿ ಕೂತು ಬರೆದದ್ದು. ಕಂಪನಿಯು 'ಕ್ರೌಡಿನ್' ಎಂಬ ಅನುವಾದದ ತಾಣದಲ್ಲಿ ಆಟದ ಇಂಗ್ಲಿಷ್ ಪದಗಳನ್ನೆಲ್ಲ ಸಾಲಾಗಿ ಇಟ್ಟಿದೆ. ಯಾರು ಬೇಕಾದರೂ ಹೋಗಿ ತಮ್ಮ ಭಾಷೆಯ ಪದ ಬರೆಯಬಹುದು. ಬೇರೆಯವರು ಓಟು ಹಾಕುತ್ತಾರೆ, ತಿದ್ದುವವರು ಒಪ್ಪಿಗೆ ಕೊಡುತ್ತಾರೆ, ಮುಂದಿನ ಆವೃತ್ತಿಯಲ್ಲಿ ಆ ಪದ ಆಟದೊಳಗೆ ಕಾಣಿಸಿಕೊಳ್ಳುತ್ತದೆ. ಇಷ್ಟೇ ವ್ಯವಸ್ಥೆ.

ಯಾರೂ ಬರೆಯದಿದ್ದರೆ? ಅಲ್ಲಿ ಇಂಗ್ಲಿಷ್ ಹೆಸರೇ ನಿಲ್ಲುತ್ತದೆ. ನೀವು ಕನ್ನಡ ಆರಿಸಿಕೊಂಡು ಆಡುತ್ತಿದ್ದರೂ ಆ ಒಂದು ಸಾಮಾನು ಮಾತ್ರ ಇಂಗ್ಲಿಷಿನಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿರುತ್ತದೆ.

ಇದರ ಅರ್ಥ ಗೊತ್ತಾಯಿತೇ? ಪ್ರತಿ ಸಲ ಹೊಸ ಸಾಮಾನು ಬಿಡುಗಡೆಯಾದಾಗಲೂ ಕನ್ನಡದ ಮನೆಗೆ ಇನ್ನೊಂದು ಇಂಗ್ಲಿಷ್ ಚೀಟಿ ಅಂಟಿಕೊಳ್ಳುತ್ತದೆ, ಯಾರಾದರೂ ಕಿತ್ತು ಕನ್ನಡದ್ದು ಅಂಟಿಸುವವರೆಗೆ. ವರ್ಷಕ್ಕೆ ಹಲವು ಸಲ ಹೊಸ ಸಾಮಾನು ಬರುತ್ತದೆ. ಬಿಡುಗಡೆಗೆ ವಾರಗಳ ಮುಂಚೆಯೇ 'ಸ್ನ್ಯಾಪ್‌ಶಾಟ್' ಎಂಬ ಪರೀಕ್ಷೆಯ ಆವೃತ್ತಿ ಹೊರಬೀಳುತ್ತದೆ. ಅಂದರೆ ಬರುವ ನೆಂಟ ಮುಂಚಿತವಾಗಿ ಕಾಗದ ಬರೆದೇ ಬರುತ್ತಾನೆ. ಆದರೂ ನಾವು ಚಾಪೆ ಹಾಸಿರುವುದಿಲ್ಲ.

ಸಾಮಾನು ಬಿಡುವ ಸರದಿ ಅವರದು, ಹೆಸರಿಡುವ ಸರದಿ ನಮ್ಮದು. ಎರಡನೆಯದರಲ್ಲಿ ಹಿಂದೆ ಬಿದ್ದರೆ ಸ್ಟಾಕ್‌ಹೋಮಿನವರನ್ನು ಬೈದು ಪ್ರಯೋಜನವಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೂ ಯಾರ್ಯಾರು ಇದ್ದಾರೆ ನೋಡಿ. ಉತ್ತರ ಅಟ್ಲಾಂಟಿಕ್ ಸಮುದ್ರದ ಫ್ಯಾರೋ ದ್ವೀಪಗಳ ಭಾಷೆ ಇದೆ. ಆ ದ್ವೀಪಗಳ ಜನಸಂಖ್ಯೆ 50 ಸಾವಿರದ ಆಸುಪಾಸು. ವೆಲ್ಷ್ ಇದೆ, ಬಾಸ್ಕ್ ಇದೆ. ಅಷ್ಟೇ ಅಲ್ಲ, ಕ್ಲಿಂಗಾನ್ ಇದೆ! ಅದು 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಕಥೆಯಲ್ಲಿ ಬರುವ ಅನ್ಯಗ್ರಹದ ಜೀವಿಗಳಿಗಾಗಿ ಹೊಸೆದ ಭಾಷೆ. ಯಾವ ತಾಯಿಯೂ ಅದರಲ್ಲಿ ಜೋಗುಳ ಹಾಡಿಲ್ಲ. ಅದಕ್ಕೂ ಕೂತು ಪದ ಪದ ಬರೆಯುವ ಹುಚ್ಚರಿದ್ದಾರೆ. 2011ರ ಜನಗಣತಿಯ ಲೆಕ್ಕದಲ್ಲೇ 4 ಕೋಟಿ 37 ಲಕ್ಷ ಜನರ ತಾಯ್ನುಡಿ ಕನ್ನಡ. ನಮ್ಮಲ್ಲಿ ಅಂಥ ಹುಚ್ಚರು ಎಷ್ಟು ಮಂದಿ?

ಫೋನಿನಲ್ಲಿ ಕನ್ನಡ ಎಲ್ಲಿ?

ಈಗ ಕಂಪನಿಯ ಸರದಿ. ಅವರನ್ನು ಸುಮ್ಮನೆ ಬಿಡುವ ಉದ್ದೇಶ ನಮಗಿಲ್ಲ.

ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಆಡುವ ಕಂಪ್ಯೂಟರ್ ಇಲ್ಲ. ಇರುವುದು ಫೋನು, ಅದೂ ಕೆಲವರಿಗೆ ಶಿವಾಜಿನಗರದಲ್ಲಿ ಕೊಂಡ ಸೆಕೆಂಡ್ ಹ್ಯಾಂಡು. ಫೋನಿನ ಮೈನ್‌ಕ್ರಾಫ್ಟ್ ಬೇರೆಯೇ ಆವೃತ್ತಿ. ಅದರ ಭಾಷೆಗಳನ್ನು ಕಂಪನಿಯೇ ಆರಿಸುತ್ತದೆ. ಅಲ್ಲಿ ಫಿನ್ನಿಷ್ ಇದೆ, ನಾರ್ವೇಜಿಯನ್ ಇದೆ, ಸ್ಲೋವಾಕ್ ಇದೆ. ಕನ್ನಡ ಇಲ್ಲ. ತಮಿಳಿಲ್ಲ, ತೆಲುಗಿಲ್ಲ, ಹಿಂದಿಯೂ ಇಲ್ಲ. ಫಿನ್ಲೆಂಡ್, ನಾರ್ವೆ, ಸ್ಲೋವಾಕಿಯಾ ಒಂದೊಂದರಲ್ಲೂ ಇರುವುದು 55 ಲಕ್ಷದ ಆಸುಪಾಸು ಜನ. 2011ರಲ್ಲೇ ನಮ್ಮ ಬೆಂಗಳೂರು ಒಂದರ ಜನಸಂಖ್ಯೆ 84 ಲಕ್ಷ ದಾಟಿತ್ತು!

ಇದೇ ಮೈಕ್ರೋಸಾಫ್ಟ್ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮ ತುಂಗಾ ನದಿಯ ಹೆಸರಿಟ್ಟ ಕನ್ನಡ ಅಕ್ಷರ ಕೊಟ್ಟಿತು. ಕನ್ನಡದ ಒತ್ತು, ಗುಣಿತ ಹೇಗೆ ಕೂರಬೇಕೆಂಬುದು ಆ ಕಂಪನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಇಂದಿರಾನಗರಕ್ಕೆ ಅಂಟಿಕೊಂಡ ದೊಮ್ಮಲೂರಿನಲ್ಲೇ ಅವರ ಆಫೀಸೂ ಇದೆ. ಹಾಗಿದ್ದ ಮೇಲೆ ಫೋನಿನ ಆಟದಲ್ಲಿ ಕನ್ನಡ ಯಾಕಿಲ್ಲ ಎಂದು ಕೇಳುವುದು ಭಿಕ್ಷೆಯಲ್ಲ. ಕಾಸು ಕೊಟ್ಟು ಆಟ ಕೊಂಡವರ ಹಕ್ಕು.

ಅಜ್ಜಿಯರು ಕಾಯಲಿಲ್ಲ

'ಇಂಗ್ಲಿಷ್ ಸಾಮಾನಿಗೆ ಇಂಗ್ಲಿಷ್ ಹೆಸರು, ಅದರಲ್ಲೇನು ತಪ್ಪು?' ಎನ್ನುವವರಿಗೆ ಉತ್ತರ ಅವರ ಮನೆಯೊಳಗೇ ಇದೆ.

ಕುರ್ಚಿ ಎಲ್ಲಿಂದ ಬಂತು? ಅರಬ್ಬಿಯ ಕುರ್ಸಿಯಿಂದ. ಅಲಮಾರು? ಪೋರ್ಚುಗೀಸರ ಅರ್ಮಾರಿಯೊ. ಪೀಪಾಯಿ? ಅದೂ ಪೋರ್ಚುಗೀಸರ ಪೀಪಾ. ಬಾಲ್ದಿ, ಚಾವಿ ಕೂಡಾ ಅವರ ಹಡಗಿನಲ್ಲೇ ಬಂದದ್ದು. ಬೆಂಚು ಇಂಗ್ಲಿಷರದು. ಲ್ಯಾಂಟರ್ನ್ ಒಂದು ಕಡೆ ಲಾಟೀನಾಯಿತು, ಇನ್ನೊಂದು ಕಡೆ ಲಾಂದ್ರವಾಯಿತು. ಸೋಫಾ ಅರಬ್ಬಿಯಿಂದ ಹೊರಟು ಯುರೋಪೆಲ್ಲಾ ಸುತ್ತಿ ನಮ್ಮ ನಡುಮನೆಗೆ ಬಂದು ಕೂತಿತು.

ನಮ್ಮ ಮನೆಗಳಿಗೂ ಸಾಮಾನು ಒಂದು ಸರದಿಯಲ್ಲೇ ಬಂತು. ಆಗ ನಮ್ಮ ಅಜ್ಜಿಯರು ಏನು ಮಾಡಿದರು? ಪಂಡಿತರ ಸಮಿತಿ ಕೂರಲಿ ಅಂತ ಕಾಯಲಿಲ್ಲ. ಪರದೇಶದ ಸಾಮಾನು ಬೇಡ ಅಂತ ಬೀದಿಗೂ ಎಸೆಯಲಿಲ್ಲ. ಸಾಮಾನು ಹೊಸ್ತಿಲು ದಾಟಿದ್ದೇ ತಡ, ಅದರ ಹೆಸರಿಗೆ ಒಂದು ಉಕಾರವೋ ಇಕಾರವೋ ಸೇರಿಸಿ, ಬಾಯಿಗೆ ಹೊಂದಿಸಿ, ನಮ್ಮದು ಮಾಡಿಕೊಂಡರು. ಮಣೆ, ತೊಟ್ಟಿಲು, ಒರಳುಗಳ ಪಕ್ಕದಲ್ಲೇ ಕುರ್ಚಿಗೂ ಜಾಗ ಮಾಡಿಕೊಟ್ಟರು. ಇವತ್ತು ಕುರ್ಚಿ ಕನ್ನಡವಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ?

ಓದು ಬರಹ ಬಾರದ ಅಜ್ಜಿಗೆ ಇದ್ದ ಆ ಧೈರ್ಯ, ಎಂಜಿನಿಯರಿಂಗ್ ಓದಿದ ಮೊಮ್ಮಗನಿಗೆ ಯಾಕಿಲ್ಲ?

2025ರಲ್ಲಿ ಬಂದ 'ಶೆಲ್ಫ್' ನೋಡಿ. ಗೋಡೆಗೆ ಅಂಟಿಸಿದ ಹಲಗೆ, ಮೇಲೆ ಸಾಮಾನು ಇಡುವುದು. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಡಬ್ಬಿಗಳ ಸಾಲು ಕೂರುತ್ತಿದ್ದ ನಾಗಂದಿಗೆ ಅದೇ ತಾನೇ? ಈ ಪದ ಎಷ್ಟು ಮಂದಿಗೆ ಗೊತ್ತು? ಆಟದಲ್ಲಿ 'ನಾಗಂದಿಗೆ' ಎಂದು ಬರೆದುಬಿಟ್ಟರೆ, ಅಜ್ಜಿಮನೆಯನ್ನೇ ನೋಡದ ಹತ್ತು ವರ್ಷದ ಹುಡುಗಿಯ ಬಾಯಲ್ಲಿ ಆ ಪದ ನಾಳೆಯೇ ಕುಣಿಯುತ್ತದೆ. ನಿಘಂಟು ಓದಿ ಯಾವ ಮಗುವೂ ಪದ ಕಲಿಯುವುದಿಲ್ಲ. ಬೆರಳಿಗೆ ಸಿಕ್ಕ ಸಾಮಾನಿನ ಹೆಸರು ಕಲಿಯುತ್ತದೆ. ಈಗಿನ ಮಗುವಿನ ಬೆರಳಿಗೆ ಸಿಗುತ್ತಿರುವುದು ಈ ಸಾಮಾನು.

ದಂಡಿಗೆ ತಡವಾಗಿ ಬಂದ ಕನ್ನಡ

ಹೆಸರಿಡುವುದು ತಡವಾದರೆ ಏನಾಗುತ್ತದೆ ಎಂದು ತಿಳಿಯಲು ಸ್ವೀಡನ್ನಿಗೆ ಹೋಗಬೇಕಿಲ್ಲ. ನೀವು ಓಡಾಡುವ ಬೀದಿಯೇ ಸಾಕ್ಷಿ.

1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದರೂ ದಂಡನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಪೇಟೆ, ದಂಡು ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಹಲಸೂರಿನ ಕೆರೆ, ಸೋಮೇಶ್ವರನ ಗುಡಿ ದಂಡಿಗಿಂತ ಹಳೆಯವು. ಆದರೆ ಸುತ್ತ ಎದ್ದ ಬೀದಿಗಳಿಗೆ, ಬಡಾವಣೆಗಳಿಗೆ ಹೆಸರಿಡುವ ಸರದಿ ಬಂದಾಗ ಹೆಸರಿಟ್ಟವರು ನಾವಲ್ಲ. ಫ್ರೇಜರ್ ಟೌನ್, ಕುಕ್ ಟೌನ್, ಬೆನ್ಸನ್ ಟೌನ್!

ಬೆನ್ಸನ್ ಟೌನಿನ ಪಕ್ಕದಲ್ಲಿ ತಲೆಮಾರುಗಳಿಂದ ಕುಂಬಾರರು ತಿಗರಿ ತಿರುಗಿಸಿ ಮಡಕೆ, ಹಣತೆ, ಗಣಪತಿ ಮಾಡುವ ಜಾಗ ಇದೆ. ಅದರ ಹೆಸರೇನು? ಪಾಟರಿ ಟೌನ್. ಮೆಟ್ರೋದ ಗುಲಾಬಿ ಮಾರ್ಗದ ನಕ್ಷೆಯಲ್ಲಿ ನಿಲ್ದಾಣದ ಹೆಸರೂ ಅದೇ. ಕುಂಬಾರ ನಮ್ಮವನು, ಮಣ್ಣು ನಮ್ಮದು, ಮಡಕೆ ನಮ್ಮದು, ಬೋರ್ಡು ಮಾತ್ರ ಇಂಗ್ಲಿಷಿನದು. ಮೊದಲು ಬಂದ ಹೆಸರು ಹೇಗೆ ಬೇರು ಬಿಡುತ್ತದೆ ನೋಡಿ. 2023ರಲ್ಲಿ ಆಟದೊಳಗೆ ಚಿತ್ತಾರದ ಮಡಕೆ ಬಂದಾಗಲೂ ನಮ್ಮ ಹುಡುಗರ ಬಾಯಲ್ಲಿ ಅದು 'ಪಾಟ್' ಆಗಿಯೇ ಉಳಿಯಿತು.

ಬೀದಿಯ ಬೋರ್ಡಿಗಾಗಿ ಎಷ್ಟು ವರ್ಷ ಕೂಗಬೇಕಾಯಿತು ನಿಮಗೆ ಗೊತ್ತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂಬ ಕಾನೂನು ತಿದ್ದುಪಡಿ ಆದದ್ದು 2024ರಲ್ಲಿ. ಒಮ್ಮೆ ಅಂಟಿದ ಚೀಟಿ ಕೀಳಲು ಮುಕ್ಕಾಲು ಶತಮಾನ ಬೇಕಾಯಿತು. ಆಟದೊಳಗಿನ ಬೋರ್ಡಿಗೆ ಕಾನೂನು ಬೇಡ, ಮೆರವಣಿಗೆ ಬೇಡ, ಲಾಠಿ ಏಟೂ ಇಲ್ಲ. ಬರೆಯುವ ಎರಡು ಕೈ ಸಾಕು.

ಪೋಲೆಂಡಿನ ಇಬ್ಬರು ಗೆಳೆಯರು

ಕೆಲಸ ಸಣ್ಣದು, ಇದರಿಂದ ಏನಾದೀತು ಎನ್ನುವವರು ಪೋಲೆಂಡಿನ ಕಥೆ ಕೇಳಬೇಕು. 3 ಕೋಟಿ 80 ಲಕ್ಷದ ಆಸುಪಾಸು ಜನರ ದೇಶ ಅದು. ಕನ್ನಡಿಗರಿಗಿಂತ ಕಡಿಮೆ. 1994ರಲ್ಲಿ ಮಾರ್ಚಿನ್ ಇವಿನ್‌ಸ್ಕಿ, ಮಿಹಾವ್ ಕಿಚಿನ್‌ಸ್ಕಿ ಎಂಬ ಇಬ್ಬರು ಶಾಲೆಯ ಗೆಳೆಯರು ವಾರ್ಸಾದಲ್ಲಿ ಗೇಮು ಮಾರುವ ಅಂಗಡಿ ವ್ಯವಹಾರ ಶುರು ಮಾಡಿದರು. ಹೆಸರು ಸಿಡಿ ಪ್ರಾಜೆಕ್ಟ್. ಆಗ ಅಲ್ಲಿ ಎಲ್ಲರೂ ಕದ್ದ ಪ್ರತಿಯಲ್ಲೇ ಆಡುತ್ತಿದ್ದರು, ಕೊಳ್ಳುವವರೇ ಇಲ್ಲ.

ಇವರು ಏನು ಮಾಡಿದರು? 'ಬಾಲ್ಡರ್ಸ್ ಗೇಟ್' ಎಂಬ ದೊಡ್ಡ ಆಟವನ್ನು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದರು. ಹೆಸರಾಂತ ನಟರಿಂದ ಮಾತಾಡಿಸಿದರು. ಮೊದಲ ದಿನವೇ 18 ಸಾವಿರ ಪ್ರತಿ ಖರ್ಚಾಯಿತು! ತಮ್ಮ ಭಾಷೆಯಲ್ಲಿ ಸಿಕ್ಕರೆ ಕಾಸು ಕೊಟ್ಟು ಕೊಳ್ಳುತ್ತೇವೆ ಎಂದು ಪೋಲೆಂಡಿನ ಹುಡುಗರು ತೋರಿಸಿಕೊಟ್ಟರು. ಮುಂದೆ ಅದೇ ಕಂಪನಿ 'ವಿಚರ್' ಎಂಬ ತಮ್ಮ ನಾಡಿನ ಕಥೆಯನ್ನೇ ಆಟ ಮಾಡಿ ಜಗತ್ತಿಗೆ ಮಾರಿತು. ಇವತ್ತು ದೊಡ್ಡ ದೊಡ್ಡ ಗೇಮುಗಳ ಭಾಷಾ ಪಟ್ಟಿಯಲ್ಲಿ ಪೋಲಿಷ್ ಇರುತ್ತದೆ.

ಬೆಂಗಳೂರಿಗೆ ವಿದ್ಯೆ ಕಡಿಮೆಯೇ? 1997ರಲ್ಲೇ ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮು ಕಂಪನಿ ಕಟ್ಟಿದರು. 2010ರಲ್ಲಿ 'ಫಾರ್ಮ್‌ವಿಲ್' ಖ್ಯಾತಿಯ ಝಿಂಗಾ ಕಂಪನಿ ಅಮೆರಿಕದ ಹೊರಗಿನ ತನ್ನ ಮೊದಲ ಸ್ಟುಡಿಯೋ ತೆರೆದದ್ದು ಬೆಂಗಳೂರಿನಲ್ಲೇ. ಧ್ರುವವನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಪರದೇಶದ ಆಟಗಳ ಕಾರು, ಕಟ್ಟಡ, ಮರ-ಗಿಡಗಳಿಗೆ ಇಲ್ಲಿನ ಹುಡುಗರು ರೂಪ ಕೊಡುತ್ತಾರೆ. ಸಾಮಾನು ಮಾಡುವ ಕೈ ಇದೆ. ಹೆಸರಿಡುವ ಬಾಯಿ ಮಾತ್ರ ಮುಚ್ಚಿಕೊಂಡಿದೆ.

ಮೂರು ತಕರಾರು

ಒಂದು: 'ಕನ್ನಡದಲ್ಲಿ ಆಡಿದರೆ ನಗು ಬರುತ್ತೆ ಗುರೂ.' ಬರಲಿ, ನಗಿ. ಎರಡು ದಿನ ನಗು ಬರುತ್ತದೆ, ಮೂರನೇ ದಿನ ಅಭ್ಯಾಸ ಆಗುತ್ತದೆ. ನಗು ಬರುವುದಕ್ಕೆ ಕಾರಣ ಅನುವಾದ ಮಾಡುವವರ ಗ್ರಂಥಭಾಷೆ. ಕಪಾಟು ಎನ್ನುವುದು ಬಿಟ್ಟು 'ಪುಸ್ತಕಧಾನಿ' ಎಂದು ಹೊಸೆದರೆ ನಾವೂ ನಗುತ್ತೇವೆ. ಬಾಯಿಗೆ ಬರುವ ಪದ ಬರೆಯಿರಿ. ಶಿವಾಜಿನಗರದ ಉರ್ದು ಮನೆಯ ಹುಡುಗ, ಹಲಸೂರಿನ ತಮಿಳು ಮನೆಯ ಹುಡುಗಿ ಬೀದಿಯಲ್ಲಿ ಯಾವ ಕನ್ನಡ ಆಡುತ್ತಾರೋ ಆ ಕನ್ನಡ ಬರೆಯಿರಿ. ಅವರೂ ಬಂದು ಬರೆಯಲಿ. ಬಹುತೇಕ ಅವರ ಮನೆಯಿಂದಲೇ ಬಂದ ಕುರ್ಚಿಯಲ್ಲವೇ ನಾವು ಕೂತಿರುವುದು?

ಎರಡು: 'ಈಗ ಯಂತ್ರವೇ ಅನುವಾದ ಮಾಡುತ್ತಲ್ಲ, ನಾವ್ಯಾಕೆ?' ಯಂತ್ರ ಮಾಡಲಿ, ಆದರೆ ಕಾವಲಿಗೆ ನೀವಿರಿ. ಇಂಗ್ಲಿಷಿನ ಚೆಸ್ಟ್ ಅಂದರೆ ಪೆಟ್ಟಿಗೆಯೂ ಹೌದು, ಎದೆಯೂ ಹೌದು. ಬ್ಯಾರೆಲ್ ಅಂದರೆ ಪೀಪಾಯಿಯೂ ಹೌದು, ಬಂದೂಕಿನ ನಳಿಗೆಯೂ ಹೌದು. ಹಿಂದು ಮುಂದು ಗೊತ್ತಿಲ್ಲದ ಒಂಟಿ ಪದವನ್ನು ಯಂತ್ರದ ಬಾಯಿಗೆ ಹಾಕಿದರೆ 'ಎದೆಯೊಳಗೆ ಕಲ್ಲಿದ್ದಲು ಇಡಿ' ಎಂದರೂ ಎಂದೀತು! ಯಾವ ಸಾಮಾನು ಎಲ್ಲಿ ಕೂರುತ್ತದೆ ಎಂಬುದು ಆ ಮನೆಯಲ್ಲಿ ಓಡಾಡಿದವರಿಗೇ ಗೊತ್ತು.

ಮೂರು, ಇದು ನಿಜವಾದ ತಕರಾರು: 'ಕೋಟಿಗಟ್ಟಲೆ ಡಾಲರಿನ ಕಂಪನಿಗೆ ನಾವ್ಯಾಕೆ ಪುಕ್ಕಟೆ ಚಾಕರಿ ಮಾಡಬೇಕು?' ನ್ಯಾಯವಾದ ಮಾತು. ಅದಕ್ಕೇ ಹೇಳುತ್ತಿದ್ದೇವೆ, ಎರಡೂ ಕೈ ಬಳಸಿ. ಒಂದು ಕೈಯಲ್ಲಿ ಕಂಪ್ಯೂಟರ್ ಆವೃತ್ತಿಗೆ ಪದ ಬರೆಯಿರಿ. ಅದು ಕಂಪನಿಯ ಚಾಕರಿಯಲ್ಲ, ಆಡುವ ಮಗುವಿಗೆ ಮಾಡುವ ಕೆಲಸ. ಇನ್ನೊಂದು ಕೈಯಲ್ಲಿ ಕಂಪನಿಗೆ ಅರ್ಜಿ ಬರೆಯಿರಿ: ಫಿನ್ಲೆಂಡಿನವರಿಗೆ ಕೊಟ್ಟಂತೆ ನಮಗೂ ಫೋನಿನಲ್ಲಿ ಕನ್ನಡ ಕೊಡಿ, ಸಂಬಳ ಕೊಟ್ಟು ಮಾಡಿಸಿ ಎಂದು. 1998ರಲ್ಲಿ ಶೇಷಾದ್ರಿವಾಸು ಅಮೆರಿಕದಲ್ಲಿ ಕೂತು 'ಬರಹ' ತಂತ್ರಾಂಶ ಮಾಡಿಕೊಡದಿದ್ದರೆ, ಕೆ.ಪಿ. ರಾವ್ ಕನ್ನಡದ ಕೀಲಿಮಣೆಗೆ ದಾರಿ ಹಾಕಿಕೊಡದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಎಷ್ಟು ವರ್ಷ ಹಿಂದೆ ಇರುತ್ತಿತ್ತೋ! ಅವರೂ ಕಂಪನಿ ಬಂದು ಕೊಡಲಿ ಎಂದು ಕಾಯಲಿಲ್ಲ.

ಈ ಭಾನುವಾರವೇ ಕೂತುಕೊಳ್ಳಿ

ಭಾಷಣ ಸಾಕು. ಕೆಲಸ ಕೇಳಿ.

ಆಟದ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಒಂದು ಮನೆ ಕಟ್ಟಿ. ಇಂಗ್ಲಿಷಿನಲ್ಲೇ ಉಳಿದ ಸಾಮಾನಿನ ಪಟ್ಟಿ ಮಾಡಿ. ಒತ್ತಕ್ಷರ ಒಡೆದು ಕಂಡರೆ ಚಿತ್ರ ಹಿಡಿದು ಕಂಪನಿಗೆ ದೂರು ಕಳಿಸಿ. ಒಬ್ಬರ ದೂರನ್ನು ಪಕ್ಕಕ್ಕಿಡುತ್ತಾರೆ, ಸಾವಿರ ಮಂದಿಯದನ್ನು ಇಡಲಾಗುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ಐದು ಮಂದಿ ಗುಂಪು ಕಟ್ಟಿ. ಒಬ್ಬ ಬರೆಯಲಿ, ಒಬ್ಬಳು ತಿದ್ದಲಿ, ಉಳಿದವರು ಓಟು ಹಾಕಲಿ. ಪದ ಗೊತ್ತಾಗದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ. ಪಾಟರಿ ಟೌನಿನ ಕುಂಬಾರರನ್ನು ಕೇಳಿ, ಹಲಸೂರಿನ ಬಡಗಿಯನ್ನು ಕೇಳಿ, ಕೆ.ಆರ್.ಪುರದ ಸಂತೆಯಲ್ಲಿ ಬುಟ್ಟಿ ಮಾರುವವರನ್ನು ಕೇಳಿ. ಪದ ಇರುವುದು ಅವರ ಹತ್ತಿರ. ಅದನ್ನು ಆಟದೊಳಕ್ಕೆ ಒಯ್ಯುವ ವಿದ್ಯೆ ಇರುವುದು ನಿಮ್ಮ ಹತ್ತಿರ.

ಸ್ಟಾಕ್‌ಹೋಮಿನಿಂದ ಮುಂದಿನ ಸಾಮಾನು ಬಂದೇ ಬರುತ್ತದೆ. ಒಂದು ದಿನ ಆ ಕುರ್ಚಿಯೂ ಬಂದೀತು. ಬಂದ ದಿನವೇ ಅದರ ಮೇಲೆ ಕನ್ನಡದ ಹೆಸರು ಕೂತಿರಬೇಕು. ಕೂರಿಸುವವರು ನೀವು.